ಕುದಿಯುವ ಟ್ಯೂಬಿನಲ್ಲಿ ಹರಿವು ತೂಗಾಡುತ್ತಿದೆ: ಪಂಪಿನ ತೊಂದರೆಯೋ, ಟ್ಯೂಬಿನದೋ?

ಲೂಪ್ ರಿಗ್

ಎಲ್ಲರಿಗೂ ನಮಸ್ಕಾರ. ಒಂಟಿ ಟ್ಯೂಬಿನ ಬಾಯ್ಲಿಂಗ್ ಲೂಪ್ ಬಗ್ಗೆ ಸಲಹೆ ಬೇಕಿತ್ತು. ಅರ್ಧಂಬರ್ಧ ಹೇಳಿದರೆ ಉತ್ತರವೂ ಹಾಗೇ ಬರುತ್ತದೆ, ಅದಕ್ಕೆ ವಿವರ ಪೂರ್ತಿ ಕೊಡುತ್ತಿದ್ದೇನೆ.

ಟ್ಯೂಬ್ ಎಸ್‌ಎಸ್ 304. ಒಳವ್ಯಾಸ 10 ಮಿಮೀ, ಹೊರವ್ಯಾಸ 12 ಮಿಮೀ, ಬಿಸಿಯಾಗುವ ಉದ್ದ 2 ಮೀಟರ್. ನೆಟ್ಟಗೆ ನಿಲ್ಲಿಸಿದೆ, ಹರಿವು ಕೆಳಗಿನಿಂದ ಮೇಲಕ್ಕೆ. ಟ್ಯೂಬಿನ ಮೂಲಕವೇ ಡಿಸಿ ಕರೆಂಟ್ ಹಾಯಿಸಿ ಬಿಸಿ ಮಾಡುವುದು. 8 ಕಿಲೋವ್ಯಾಟ್‌ಗೆ ಸುಮಾರು 18 ವೋಲ್ಟ್, 440 ಆಂಪಿಯರ್. ನೀರು 80 ಡಿಗ್ರಿಯಲ್ಲಿ ಒಳಬರುತ್ತದೆ, ಸರಾಸರಿ ಹರಿವು ಸೆಕೆಂಡಿಗೆ 0.03 ಕೆಜಿ. ಮೇಲೆ ಸೆಪರೇಟರ್, ಅದರಾಚೆ ಕಂಡೆನ್ಸರ್, ಅಲ್ಲಿನ ಒತ್ತಡ 2 ಬಾರ್ ಅಬ್ಸಲ್ಯೂಟ್.

ಜೋಡಣೆಯ ಕ್ರಮ: ಟ್ರಿಪ್ಲೆಕ್ಸ್ ಪ್ಲಂಜರ್ ಪಂಪ್, ನೀಡಲ್ ವಾಲ್ವ್, 5 ಲೀಟರಿನ ಪಲ್ಸೇಶನ್ ಡ್ಯಾಂಪರ್ (ಪಂಪಿನ ಮಿಡಿತ ಹೀರುವ ಪಾತ್ರೆ, ಅದರಲ್ಲಿ ಸುಮಾರು 2 ಲೀಟರ್ ಗಾಳಿ), ಫ್ಲೋಮೀಟರ್, ಟ್ಯೂಬ್.

4.5 ಕಿಲೋವ್ಯಾಟ್‌ವರೆಗೆ ಎಲ್ಲವೂ ಶಾಂತ. 5 ದಾಟಿದರೆ ತೂಗಾಟ ಶುರು. 8 ಕಿಲೋವ್ಯಾಟ್‌ನಲ್ಲಿ ಒಳಹರಿವು 0.015ರಿಂದ 0.05ರವರೆಗೆ ಏರಿಳಿಯುತ್ತದೆ, ಒಂದು ಸುತ್ತಿಗೆ ಸುಮಾರು 38 ಸೆಕೆಂಡ್. ಹರಿವು ಕೆಳಗಿಳಿದ ಹೊತ್ತಿನಲ್ಲಿ ಅದರ ಮೇಲೆ 5–6 ಸೆಕೆಂಡಿನ ಸಣ್ಣ ಅಲೆಗಳೂ ಕಾಣುತ್ತವೆ. ಟ್ಯೂಬಿನ ಮೇಲ್ತುದಿಯ ಹೊರಗೋಡೆ 135ರಿಂದ 190 ಡಿಗ್ರಿಯವರೆಗೆ ಜಿಗಿಯುತ್ತದೆ. ಇದು ಲೆಡಿನೆಗ್ಗೋ (ಹರಿವು ಒಂದು ಮಟ್ಟದಿಂದ ಇನ್ನೊಂದಕ್ಕೆ ಹಾರುವ ಅಸ್ಥಿರತೆ), ಡೆನ್ಸಿಟಿ ವೇವೋ (ಸಾಂದ್ರತೆಯ ಏರಿಳಿತ ಅಲೆಯಾಗಿ ಟ್ಯೂಬಿನುದ್ದಕ್ಕೂ ಸಾಗುವುದು), ಇನ್ನೇನಾದರೂನೋ?

ಪಂಪ್ ಹೌಸ್

ಮೊದಲು ಪಂಪಿನ ಸಕ್ಷನ್, ಡಿಸ್ಚಾರ್ಜ್ ವಾಲ್ವ್ ಸೀಟುಗಳನ್ನು ಬಿಚ್ಚಿ ನೋಡಿ. ಪ್ಲಂಜರ್ ಪಂಪ್ ಅಂದಮೇಲೆ ಮಿಡಿತ ಇದ್ದದ್ದೇ. ಮೂರರಲ್ಲಿ ಒಂದು ಸೀಟು ಸವೆದಿದ್ದರೂ ಹರಿವು ಕುಂಟುತ್ತದೆ.

ದ್ವಿಹಂತ

ಪಂಪ್ ಹೌಸ್ ಸರ್, ಸೀಟು ಸವೆಯುವ ಮಾತು ನಿಜ, ಆದರೆ ಇಲ್ಲಿ ಕಾಲಮಾನ ತಾಳೆಯಾಗುವುದಿಲ್ಲ. ಟ್ರಿಪ್ಲೆಕ್ಸ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 15 ಮಿಡಿತ. 38 ಸೆಕೆಂಡಿನ ಅಲೆ ಅಲ್ಲಿಂದ ಹುಟ್ಟುವುದಿಲ್ಲ. ಮೇಲಾಗಿ 4.5 ಕಿಲೋವ್ಯಾಟ್ ಕೆಳಗೆ ಪೂರ್ತಿ ಶಾಂತ ಎಂದಿದ್ದಾರೆ. ಪಂಪ್ ಕೆಟ್ಟಿದ್ದರೆ ತಣ್ಣೀರಿನಲ್ಲೂ ಕುಂಟಬೇಕಿತ್ತು.

ಲೂಪ್ ರಿಗ್, ನಿಮ್ಮಲ್ಲಿ ಎರಡು ರೋಗ ಒಟ್ಟಿಗೆ ಇವೆ. 38 ಸೆಕೆಂಡಿನದು ಪ್ರೆಷರ್ ಡ್ರಾಪ್ ಆಸಿಲೇಶನ್, ಅಂದರೆ ಒತ್ತಡದ ಇಳಿತದಿಂದ ಹುಟ್ಟುವ ತೂಗಾಟ. ಅದರ ಬೆನ್ನೇರಿ ಬರುವ 5–6 ಸೆಕೆಂಡಿನದು ಡೆನ್ಸಿಟಿ ವೇವ್. ಮೊದಲನೆಯದರ ಬೇರು ಲೆಡಿನೆಗ್ 1938ರಲ್ಲಿ ವಿವರಿಸಿದ, ಹರಿವಿಗೆ ತಕ್ಕಂತೆ ಟ್ಯೂಬಿನ ಒತ್ತಡದ ಇಳಿತ ತೋರಿಸುವ ವಕ್ರರೇಖೆಯಲ್ಲೇ ಇದೆ.

ಪವರ್ ಸ್ಥಿರವಾಗಿಟ್ಟು ಹರಿವನ್ನು ಕಡಿಮೆ ಮಾಡುತ್ತಾ ಬನ್ನಿ. ನೀರು ನೀರಾಗಿಯೇ ಇರುವಷ್ಟು ಹೊತ್ತು ಒತ್ತಡದ ಇಳಿತವೂ ಕಡಿಮೆಯಾಗುತ್ತದೆ. ಒಂದು ಹಂತದಲ್ಲಿ ಟ್ಯೂಬಿನ ತುದಿಯಲ್ಲಿ ಆವಿ ಕರಗದೆ ಉಳಿಯತೊಡಗುತ್ತದೆ. 2 ಬಾರ್‌ನಲ್ಲಿ ನೀರಿಗೂ ಆವಿಗೂ ಸಾಂದ್ರತೆಯ ಅನುಪಾತ ಸುಮಾರು 835, ಹಾಗಾಗಿ ಚೂರು ಆವಿ ಬಂದರೂ ವೇಗ ಹಲವು ಪಟ್ಟು ಏರುತ್ತದೆ. ಅಲ್ಲಿಂದಾಚೆ ಹರಿವು ಇಳಿದಂತೆಲ್ಲ ಒತ್ತಡದ ಇಳಿತ ಏರುತ್ತದೆ. ರೇಖೆಯ ಇಳಿಜಾರು ಋಣವಾಗುವ ಈ ಭಾಗವೇ ಅಪಾಯದ ಜಾಗ.

ನಿಮ್ಮ ಟ್ಯೂಬಿನಲ್ಲಿ ಆ ತಿರುವು ಎಲ್ಲಿದೆ? ತಿರುವಿನ ಹರಿವನ್ನು ಅಂದಾಜಿಸುವ ವಿಟ್ಲ್–ಫೋರ್ಗನ್ ಸೂತ್ರ ಹಾಕಿ ನೋಡೋಣ. ಉದ್ದ ಭಾಗಿಸು ವ್ಯಾಸ 200. ತಿರುವಿನಲ್ಲಿ ನೀರಿನ ಬಿಸಿಯೇರಿಕೆಗೂ ಸ್ಯಾಚುರೇಶನ್‌ವರೆಗಿನ (ಕುದಿಯುವ ಉಷ್ಣತೆವರೆಗಿನ) ವ್ಯತ್ಯಾಸಕ್ಕೂ ಇರುವ ಅನುಪಾತ 1/(1 + 25/200), ಅಂದರೆ 0.89. ಸ್ಯಾಚುರೇಶನ್ 120.2 ಡಿಗ್ರಿ, ಒಳಬರುವ ನೀರು 80, ವ್ಯತ್ಯಾಸ 40.2. ಅದರ 0.89 ಪಾಲು ಎಂದರೆ 35.7 ಡಿಗ್ರಿ. ನೀರು ಇಷ್ಟು ಬಿಸಿಯೇರುವ ಹರಿವೇ ತಿರುವು. 8 ಕಿಲೋವ್ಯಾಟ್‌ಗೆ ಅದು 0.053 ಕೆಜಿ/ಸೆ. ನೀವು ನಡೆಸುತ್ತಿರುವುದು 0.03ರಲ್ಲಿ, ಋಣ ಇಳಿಜಾರಿನ ನಟ್ಟನಡುವೆ. ಅದೇ ಲೆಕ್ಕವನ್ನು 0.03ಕ್ಕೆ ತಿರುಗಿಸಿದರೆ 4.5 ಕಿಲೋವ್ಯಾಟ್ ಬರುತ್ತದೆ. ನೀವು ಶಾಂತಿ ಮುಗಿಯಿತು ಎಂದ ಜಾಗವೂ ಅದೇ. ಸೂತ್ರದ ಹಿಂದಿನ ಡೇಟಾದ ವ್ಯಾಪ್ತಿಗಿಂತ ನಿಮ್ಮ ಟ್ಯೂಬ್ ತುಸು ಉದ್ದ, ಆದರೂ ಕಡಿಮೆ ಒತ್ತಡದ ನೀರಿಗೆ ಇದು ಚೆನ್ನಾಗಿ ಕೂರುತ್ತದೆ.

ಲೂಪ್ ರಿಗ್

ಲೆಕ್ಕ ಅರ್ಥವಾಯಿತು ಸರ್. ಒಂದು ಸಂಶಯ. ಪ್ಲಂಜರ್ ಪಂಪು ಒತ್ತಡ ಎಷ್ಟೇ ಇರಲಿ, ಹೆಚ್ಚುಕಡಿಮೆ ಅಷ್ಟೇ ನೀರು ತಳ್ಳುತ್ತದೆ. ಅದರ ರೇಖೆ ನೆಟ್ಟಗೆ ಲಂಬ. ಅಂಥ ಪಂಪಿದ್ದರೆ ಲೆಡಿನೆಗ್ ಅಸ್ಥಿರತೆ ಬರಬಾರದಲ್ಲವೇ?

ದ್ವಿಹಂತ

ಪಂಪಿಗೂ ಟ್ಯೂಬಿಗೂ ನಡುವೆ ಏನೂ ಇಲ್ಲದಿದ್ದರೆ ಬರಬಾರದು. ಆದರೆ ನಡುವೆ ಡ್ಯಾಂಪರ್ ಕೂತಿದೆ. ಟ್ಯೂಬಿಗೆ ಕಾಣುವುದು ಪಂಪಲ್ಲ, 2 ಲೀಟರ್ ಗಾಳಿಯ ಒತ್ತಡ. ಪಂಪ್ 0.03 ತಳ್ಳುತ್ತಲೇ ಇರುತ್ತದೆ, ಟ್ಯೂಬ್ 0.02 ಮಾತ್ರ ಒಯ್ದರೆ ಉಳಿದದ್ದು ಡ್ಯಾಂಪರಿಗೆ ಹೋಗಿ ಗಾಳಿಯನ್ನು ಹಿಂಡುತ್ತದೆ. ಒತ್ತಡ ಏರಿ ರೇಖೆಯ ನೆತ್ತಿ ತಲುಪುತ್ತದೆ, ಅಲ್ಲಿಂದ ಹರಿವು ಒಮ್ಮೆಗೇ ಹೆಚ್ಚಿನ ಬದಿಗೆ ಹಾರುತ್ತದೆ. ಈಗ ಟ್ಯೂಬ್ ಪಂಪಿಗಿಂತ ಜಾಸ್ತಿ ಕುಡಿಯುತ್ತದೆ, ಡ್ಯಾಂಪರ್ ಖಾಲಿಯಾಗುತ್ತದೆ, ಒತ್ತಡ ಇಳಿದು ತಿರುವಿಗೆ ಬರುತ್ತದೆ, ಹರಿವು ಮತ್ತೆ ಕೆಳಕ್ಕೆ ಹಾರುತ್ತದೆ. ಸ್ಟೆನ್ನಿಂಗ್ ಮತ್ತು ವೆಜಿರೊಗ್ಲು 1965ರಲ್ಲಿ ತೋರಿಸಿದ ಸುತ್ತು ಇದೇ.

ಅವಧಿ ಹೊಂದುತ್ತದೆಯೇ ನೋಡಿ. ಒತ್ತಡದ ಏರಿಳಿತ 0.2 ಬಾರ್ ಎನ್ನೋಣ, ಡ್ಯಾಂಪರಿನಲ್ಲಿ 2.3 ಬಾರ್. ಗಾಳಿಯ ಗಾತ್ರದ ಬದಲಾವಣೆ 2 × 0.2/2.3, ಅಂದರೆ ಸುಮಾರು 0.17 ಲೀಟರ್. ಸೆಕೆಂಡಿಗೆ 0.01 ಕೆಜಿ ವ್ಯತ್ಯಾಸಕ್ಕೆ ತುಂಬಲು 17 ಸೆಕೆಂಡ್, ಖಾಲಿಯಾಗಲು ಹೆಚ್ಚುಕಡಿಮೆ ಅಷ್ಟೇ. 38ಕ್ಕೆ ಹತ್ತಿರವೇ ಬಂತು.

ಖಾತ್ರಿಯಾಗಬೇಕಿದ್ದರೆ ಗಾಳಿಯನ್ನು 2 ಲೀಟರಿನಿಂದ 1 ಲೀಟರಿಗೆ ಇಳಿಸಿ. ಅವಧಿ ಅರ್ಧದ ಹತ್ತಿರ ಬಂದರೆ ಅದು ಡ್ಯಾಂಪರಿನದೇ ಕೆಲಸ.

ಸಣ್ಣ ಅಲೆಯ ಲೆಕ್ಕ ಬೇರೆ. ನೀರು ಒಳಬಂದು ಕುದಿಯುವ ಬಿಂದು ಮುಟ್ಟಲು ಹಿಡಿಯುವ ಸಮಯವನ್ನು ಸಾಂದ್ರತೆ × ಅಡ್ಡಕೊಯ್ತ × ಸಬ್‌ಕೂಲಿಂಗ್ ಎಂಥಾಲ್ಪಿ (ಒಳನೀರನ್ನು ಕುದಿಯುವ ಬಿಂದುವಿಗೆ ತರಲು ಕೆಜಿಗೆ ಬೇಕಾದ ಶಾಖ), ಇದನ್ನು ಮೀಟರಿಗಿಷ್ಟು ಎಂಬ ಪವರ್‌ನಿಂದ ಭಾಗಿಸಿ ಪಡೆಯಬಹುದು. ನಿಮ್ಮಲ್ಲಿ 170 ಕಿಲೋಜೂಲ್/ಕೆಜಿ, ಮೀಟರಿಗೆ 4 ಕಿಲೋವ್ಯಾಟ್, ಉತ್ತರ 3.2 ಸೆಕೆಂಡ್. ಆವಿಯ ಭಾಗ ದಾಟಲು ಇನ್ನು 0.2 ಸೆಕೆಂಡ್ ಕೂಡ ಬೇಡ. ಡೆನ್ಸಿಟಿ ವೇವ್‌ನ ಅವಧಿ ಈ ಪಯಣದ ಒಂದೂವರೆಯಿಂದ ಎರಡು ಪಟ್ಟು ಇರುತ್ತದೆ, ಅಂದರೆ 5ರಿಂದ 7 ಸೆಕೆಂಡ್. ಸೂತ್ರದಲ್ಲಿ ಹರಿವು ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಹರಿವು ಬದಲಿಸಿದರೆ ಈ ಅಲೆಯ ಅವಧಿ ಅಷ್ಟಾಗಿ ಬದಲಾಗುವುದಿಲ್ಲ. ಪವರ್ ಏರಿಸಿದರೆ, ಇಲ್ಲವೇ ಒಳನೀರನ್ನು ಬಿಸಿ ಮಾಡಿದರೆ ಕಿರಿದಾಗುತ್ತದೆ.

ಪರಿಹಾರ ಸುಲಭ: ನೀಡಲ್ ವಾಲ್ವನ್ನು ಡ್ಯಾಂಪರಿನ ಈಚೆಗೆ, ಟ್ಯೂಬಿನ ಬಾಯಿಗೆ ಆದಷ್ಟು ಹತ್ತಿರ ತನ್ನಿ. ಅದೇ ವಾಲ್ವ್, ಅದೇ ಡ್ಯಾಂಪರ್. ಕ್ರಮ ಅದಲುಬದಲಾದರೆ ಸಾಕು.

ಪಂಪ್ ಹೌಸ್

ಹಾಗಿದ್ದರೆ ಅಷ್ಟೆಲ್ಲ ಬಿಚ್ಚುವುದೇಕೆ? ಮೇಲ್ತುದಿಯಲ್ಲಿ ಒಂದು ವಾಲ್ವ್ ಹಾಕಿ ಸ್ವಲ್ಪ ಮುಚ್ಚಿದರೆ ಟ್ಯೂಬಿನೊಳಗೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ಸ್ಥಿರತೆ ಹೆಚ್ಚುತ್ತದೆ ಎಂದು ಎಲ್ಲ ಕಡೆ ಇದೆಯಲ್ಲ.

ದ್ವಿಹಂತ

ಒತ್ತಡ ಏರಿಸುವುದು ಒಳ್ಳೆಯದೇ. 2 ಬಾರ್‌ನಲ್ಲಿ 835 ಇದ್ದ ಸಾಂದ್ರತೆಯ ಅನುಪಾತ 10 ಬಾರ್‌ಗೆ 172 ಆಗುತ್ತದೆ, 70 ಬಾರ್‌ಗೆ ಸುಮಾರು 20. ಆದರೆ ಅದನ್ನು ಟ್ಯೂಬಿನ ತುದಿಯ ವಾಲ್ವಿನಿಂದ ಮಾಡಬಾರದು. ಅಲ್ಲಿ ಹರಿಯುವುದು ಆವಿ–ನೀರಿನ ಮಿಶ್ರಣ. ಸೆಕೆಂಡಿಗೆ 15 ಮೀಟರ್ ವೇಗದ ಆಸುಪಾಸಿನಲ್ಲಿರುತ್ತದೆ. ಹರಿವು ಕಡಿಮೆಯಾದರೆ ಆವಿ ಜಾಸ್ತಿ, ಆವಿ ಜಾಸ್ತಿಯಾದರೆ ಆ ವಾಲ್ವಿನ ಅಡ್ಡಿ ಜಾಸ್ತಿ, ಅದು ಹರಿವನ್ನು ಇನ್ನೂ ತಗ್ಗಿಸುತ್ತದೆ. ಅದೂ ತಡವಾಗಿ, ಮಿಶ್ರಣ ಅಲ್ಲಿಗೆ ಬಂದು ಮುಟ್ಟಿದ ಮೇಲೆ. ಹೊರದಾರಿಯ ಅಡ್ಡಿ ಎರಡೂ ಬಗೆಯ ತೂಗಾಟಕ್ಕೆ ತುಪ್ಪ ಸುರಿಯುತ್ತದೆ. ಒಳದಾರಿಯ ಅಡ್ಡಿಯಲ್ಲಿ ಹರಿಯುವುದು ಬರೀ ನೀರು, ಅದು ಹರಿವಿಗೆ ತಕ್ಷಣ, ಅದೇ ದಿಕ್ಕಿನಲ್ಲಿ ಪ್ರತಿಕ್ರಿಯಿಸುತ್ತದೆ.

ಒತ್ತಡ ಏರಿಸಬೇಕಿದ್ದರೆ ಕಂಡೆನ್ಸರಿನ ಕಡೆಯಿಂದ ಏರಿಸಿ. ತಂಪು ನೀರಿನ ಹರಿವು ಕಡಿಮೆ ಮಾಡಿ ಅಥವಾ ಮೇಲ್ಗಡೆ ನೈಟ್ರೋಜನ್ ಒತ್ತಡ ಕೊಡಿ.

ಲೂಪ್ ರಿಗ್

ಕೈವಾಲ್ವಿನ ಬದಲು ಆರಿಫೈಸ್ ಪ್ಲೇಟ್ (ನಡುವೆ ಸಣ್ಣ ರಂಧ್ರವಿರುವ ತಟ್ಟೆ) ಹಾಕಿದರೆ ಎಷ್ಟು ಮಿಮೀ ರಂಧ್ರ ಇಡಬೇಕು?

ದ್ವಿಹಂತ

0.03 ಕೆಜಿ/ಸೆ ಹರಿವಿಗೆ 0.5 ಬಾರ್ ಇಳಿತ ಗುರಿ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಕೋಎಫಿಶಿಯೆಂಟ್ 0.62, 80 ಡಿಗ್ರಿಯಲ್ಲಿ ಸಾಂದ್ರತೆ 972. ವಿಸ್ತೀರ್ಣ 4.9 ಚದರ ಮಿಮೀ, ಅಂದರೆ 2.5 ಮಿಮೀ ರಂಧ್ರ. ಚೂಪು ಅಂಚು ಹರಿವು ಬರುವ ಕಡೆಗಿರಲಿ. ಈ ಆರಿಫೈಸಿನ ಇಳಿಜಾರು 2 × 0.5/0.03, ಅಂದರೆ ಕೆಜಿ/ಸೆಗೆ 33 ಬಾರ್. ಟ್ಯೂಬಿನ ಋಣ ಇಳಿಜಾರು ಸರಾಸರಿ 9ರ ಆಸುಪಾಸು, ಕೆಲವು ಕಡೆ ಅದಕ್ಕಿಂತ ಕಡಿದು. ಎರಡೂ ಕೂಡಿ ಧನವಾಗಿಯೇ ಉಳಿಯುತ್ತದೆ.

80 ಡಿಗ್ರಿ ನೀರಿನ ಆವಿಯೊತ್ತಡ 0.47 ಬಾರ್; ಆರಿಫೈಸಿನ ಕೆಳಹರಿವಿನಲ್ಲಿ 2 ಬಾರ್ ಮೇಲಿರುವುದರಿಂದ ಕ್ಯಾವಿಟೇಶನ್ (ಒತ್ತಡ ಕುಸಿದು ಆವಿಗುಳ್ಳೆ ಏಳುವ) ಚಿಂತೆ ಇಲ್ಲ. ಒಳನೀರನ್ನು 115ಕ್ಕೆ ಏರಿಸುವ ಯೋಚನೆ ಇದ್ದರೆ ಮಾತ್ರ ಈ ಲೆಕ್ಕ ಮತ್ತೆ ಮಾಡಿ, ಆರಿಫೈಸಿನಲ್ಲೇ ನೀರು ಆವಿಯಾಗಿ ಫ್ಲ್ಯಾಶ್ ಆದರೆ ಮಾಡಿದ ಕೆಲಸವೆಲ್ಲ ನೀರಪಾಲು. ಆರಿಫೈಸಿಗೆ ಮೊದಲು 100 ಮೈಕ್ರಾನ್ ಸ್ಟ್ರೈನರ್ ಇರಲಿ.

ರಾಯಚೂರು ಬಾಯ್ಲರ್

ಚರ್ಚಾ ಚಲೋ ನಡದೈತಿ. ಒಂಟಿ ಟ್ಯೂಬಿನ ಲೂಪಿಗೆ ವಾಲ್ವ್ ಜಾಗ ಬದಲಿಸಿದ್ರ ಮುಗೀತು. ಬಾಯ್ಲರಿನಾಗ ಒಂದು ಹೆಡರಿಗೆ (ಟ್ಯೂಬುಗಳು ಕೂಡೂ ದಪ್ಪ ಪೈಪಿಗೆ) ನೂರಾರು ಟ್ಯೂಬ್ ಇರ್ತಾವ್ರಿ. ಎಲ್ಲಾ ಟ್ಯೂಬಿಗೂ ಕೆಳಗ ಅದೇ ಹೆಡರ್, ಮ್ಯಾಲ ಅದೇ ಹೆಡರ್. ಒಂದು ಟ್ಯೂಬಿನ ಲೆಕ್ಕದಾಗ ನೋಡಿದ್ರ ಒತ್ತಡದ ವ್ಯತ್ಯಾಸ ಬದಲಾಗೂದೇ ಇಲ್ಲ. ಫೀಡ್ ಪಂಪ್ ಎಂಥಾದ್ದ ಇರ್ಲಿ, ಆ ಒಂದು ಟ್ಯೂಬನ್ನ ಅದು ಕಾಯೂದಿಲ್ಲ. ಒಟ್ಟು ಹರಿವು ನೆಟ್ಟಗ ಇರ್ತದ, ಒಳಗ ಎರಡು ಟ್ಯೂಬ್ ಎದುರುಬದುರು ತೂಗ್ಯಾಡ್ತಿರ್ತಾವ. ಕಂಟ್ರೋಲ್ ರೂಮಿನ ಫೀಡ್ ಫ್ಲೋ ಟ್ರೆಂಡ್ ನೋಡಿ "ಎಲ್ಲಾ ಬರೋಬ್ಬರಿ ಐತಿ" ಅನ್ನಬ್ಯಾಡ್ರಿ. ಟ್ಯೂಬಿನ ಮೆಟಲ್ ಟೆಂಪರೇಚರ್ ನೋಡ್ರಿ.

ರಾಯಚೂರಿನ ಹಳೇ 210 ಮೆಗಾವ್ಯಾಟ್ ಯುನಿಟ್‌ಗಳು ಡ್ರಮ್ಮಿನವು. ಅಲ್ಲಿ ಹೆಚ್ಚು ಕಾದ ಟ್ಯೂಬಿಗೆ ಹೆಚ್ಚು ನೀರು ತಾನಾಗೇ ಬರ್ತದ, ಯಾಕಂದ್ರ ಅಲ್ಲಿ ಭಾರದ ವ್ಯತ್ಯಾಸನ ದೊಡ್ಡ ಬಲ. ಯರಮರಸ್, ಕೂಡಗಿಯ 800 ಮೆಗಾವ್ಯಾಟ್‌ನವು ಸೂಪರ್‌ಕ್ರಿಟಿಕಲ್ ಒನ್ಸ್‌ಥ್ರೂ, ಅಂದ್ರ ಡ್ರಮ್ ಇಲ್ಲದ ನೀರು ಒಂದ ಸಲ ಹಾದು ಹೋಗೂವು. ಪೂರ್ತಿ ಲೋಡಿನಾಗ 221 ಬಾರ್ ಮ್ಯಾಲಿರ್ತದ, ನೀರು–ಆವಿ ಅನ್ನೋ ಭೇದನ ಇಲ್ಲ. ಸ್ಲೈಡಿಂಗ್ ಪ್ರೆಷರ್‌ನಾಗ (ಲೋಡಿನ ಜೋಡಿ ಒತ್ತಡನೂ ಇಳಿಸೂ ಪದ್ಧತಿ) ಲೋಡ್ ಇಳಿಸಿದ್ರ ಕ್ರಿಟಿಕಲ್ ಒತ್ತಡದ ಕೆಳಗ ಬರ್ತದ, ಆವಾಗ ಟ್ಯೂಬಿನಾಗ ಖರೇವಂದ್ರ ಕುದಿತ ಶುರು. ಘರ್ಷಣೆನ ದೊಡ್ಡದಿರೋ ಡಿಸೈನಿನಾಗ ಹೆಚ್ಚು ಕಾದ ಟ್ಯೂಬಿಗೆ ಕಡಿಮಿ ನೀರು ಹೋಗ್ತದ, ಉಲ್ಟಾ. ಅದಕ್ಕ ಇಂಥ ಬಾಯ್ಲರ್‌ಗಳೊಳಗ ಫುಲ್ ಲೋಡಿನ 30–35 ಶೇಕಡಾದಷ್ಟು ಕನಿಷ್ಠ ಹರಿವು ಇಟ್ಟು, ಅದರ ಕೆಳಗ ಹೊಂಟ್ರ ಸರ್ಕ್ಯುಲೇಶನ್ ಪಂಪಿನ ಆಸರೆಯಿಂದ ವೆಟ್ ಮೋಡಿನಾಗ (ಆವಿ ಜೋಡಿ ಉಳಿದ ನೀರನ್ನ ತಿರುಗಿಸಿ ಕೊಡೂ ರೀತಿ) ನಡಸ್ತಾರ.

ಮಧ್ಯಾಹ್ನ ಪಾವಗಡದ ಸೋಲಾರ್ ಬಂತಂದ್ರ ಕಲ್ಲಿದ್ದಲಿನ ಯುನಿಟ್ ಲೋಡ್ ಇಳಿಸಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮ 40 ಶೇಕಡಾಕ್ಕ ಇಳೀರಿ ಅಂತದ. ಈ ಥಿಯರಿ ದಿನಾ ಬೇಕಾಗೂ ಕಾಲ ಬಂತು.

ಲೂಪ್ ರಿಗ್

ಸರ್, ವಾಟರ್‌ವಾಲ್ ಟ್ಯೂಬುಗಳಿಗೂ (ಬಾಯ್ಲರ್ ಕುಲುಮೆಯ ಗೋಡೆಯಾಗಿರುವ ನೀರಿನ ಟ್ಯೂಬುಗಳಿಗೂ) ಇನ್ಲೆಟ್ ಆರಿಫೈಸ್ ಇರುತ್ತದೆಯೇ?

ರಾಯಚೂರು ಬಾಯ್ಲರ್

ಲಂಬ ಟ್ಯೂಬಿನ ಡಿಸೈನಿನಾಗ ಇರ್ತಾವ್ರಿ, ಒಂದೊಂದು ಗುಂಪಿಗೆ ಒಂದೊಂದು ಸೈಜ್. ಮೂಲ್ಯಾಗಿನ ಟ್ಯೂಬಿಗೆ ಉರಿ ಕಡಿಮಿ, ನಡುವಿನವಕ್ಕ ಜಾಸ್ತಿ, ಅದರ ಪ್ರಕಾರ ರಂಧ್ರ. ತೊಂದ್ರಿ ಏನಂದ್ರ ಆ ಸಣ್ಣ ರಂಧ್ರದ ಅಂಚಿಗೆ ಮ್ಯಾಗ್ನಟೈಟ್ ಕಟ್ಟತದ. ರಂಧ್ರ ಸಣ್ಣ ಆದಂಗ ಆ ಟ್ಯೂಬಿನ ನೀರು ಕಡಿಮಿ, ಆಮ್ಯಾಲ ಓವರ್‌ಹೀಟ್, ಆಮ್ಯಾಲ ಟ್ಯೂಬ್ ಲೀಕ್. ಶಟ್‌ಡೌನಿನಾಗ ಹೆಡರ್ ಹ್ಯಾಂಡ್‌ಹೋಲ್ ತಗದು ಬೋರ್‌ಸ್ಕೋಪ್ ಹಾಕಿ ನೋಡೂದು ಬಿಡಬ್ಯಾಡ್ರಿ.

ಅಣುಶಕ್ತಿನಗರ

ರಿಯಾಕ್ಟರಿನ ಕಡೆಯಿಂದ ಒಂದು ಮಾತು. ಬಾಯ್ಲಿಂಗ್ ವಾಟರ್ ರಿಯಾಕ್ಟರಿನಲ್ಲಿ ಇದೇ ಡೆನ್ಸಿಟಿ ವೇವ್‌ಗೆ ಇನ್ನೊಂದು ಕೈ ಸೇರುತ್ತದೆ: ಆವಿ ಹೆಚ್ಚಿದರೆ ನ್ಯೂಟ್ರಾನ್ ಮಂದಗತಿ ಕಡಿಮೆ, ಪವರ್ ಇಳಿಯುತ್ತದೆ; ಆವಿ ಕಡಿಮೆಯಾದರೆ ಪವರ್ ಏರುತ್ತದೆ. ಹರಿವಿನ ತೂಗಾಟ ಪವರಿನ ತೂಗಾಟವಾಗುತ್ತದೆ.

ಅಮೆರಿಕದ ಇಲಿನಾಯ್‌ನ ಲಾಸಾಲ್ 2ನೇ ಘಟಕದಲ್ಲಿ 1988ರ ಮಾರ್ಚ್ 9ರಂದು ಆದದ್ದು ಇದೇ. ಎರಡೂ ರೀಸರ್ಕ್ಯುಲೇಶನ್ ಪಂಪ್ ಟ್ರಿಪ್ ಆಗಿ ಹರಿವು ನೈಸರ್ಗಿಕ ಸರ್ಕ್ಯುಲೇಶನ್ನಿಗೆ ಇಳಿಯಿತು. ಫೀಡ್‌ವಾಟರ್ ಹೀಟರುಗಳೂ ಹೋದವು. ತಣ್ಣಗಿನ ನೀರು ಒಳಗೆ ಬಂದು ಪವರನ್ನು ಏರಿಸಿತು. ಹರಿವಿಗೆ ಹೋಲಿಸಿದರೆ ಪವರ್ ಜಾಸ್ತಿ, ಅಂದರೆ ನಕ್ಷೆಯ ಅತಿ ಕೆಟ್ಟ ಮೂಲೆ. 2–3 ಸೆಕೆಂಡಿನ ಅವಧಿಯಲ್ಲಿ ನ್ಯೂಟ್ರಾನ್ ಫ್ಲಕ್ಸ್ ತೂಗಾಡಿ, ಕೊನೆಗೆ 118 ಶೇಕಡಾದಲ್ಲಿ ತಾನಾಗಿ ಸ್ಕ್ರಾಮ್ (ರಿಯಾಕ್ಟರಿನ ತುರ್ತು ಸ್ಥಗಿತ) ಆಯಿತು.

ಬಾರ್ಕ್ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) ವಿನ್ಯಾಸದ 300 ಮೆಗಾವ್ಯಾಟ್ ಎಎಚ್‌ಡಬ್ಲ್ಯೂಆರ್‌ನಲ್ಲಿ (ಸುಧಾರಿತ ಭಾರಜಲ ರಿಯಾಕ್ಟರ್) ಮುಖ್ಯ ಪಂಪೇ ಇಲ್ಲ, 70 ಬಾರ್‌ನಲ್ಲಿ ಪೂರ್ತಿ ನೈಸರ್ಗಿಕ ಸರ್ಕ್ಯುಲೇಶನ್. ಹಾಗಾಗಿ ಅಲ್ಲಿ ಕಷ್ಟ ಪೂರ್ಣ ಪವರಿನದಲ್ಲ, ಸ್ಟಾರ್ಟಪ್ಪಿನದು. ಒತ್ತಡ ಕಡಿಮೆ ಇರುವಾಗಲೇ ಕುದಿಯಲು ಬಿಟ್ಟರೆ ಗೀಸರಿಂಗ್ (ಬಿಸಿನೀರ ಬುಗ್ಗೆಯಂತೆ ಆಗಾಗ ಉಕ್ಕುವುದು), ಟೈಪ್ 1 ಅಸ್ಥಿರತೆ (ಆವಿ ಕಡಿಮೆ ಇರುವಾಗಿನ ಡೆನ್ಸಿಟಿ ವೇವ್) ಎರಡೂ ಬರುತ್ತವೆ. ಮೊದಲು ಒತ್ತಡ ಏರಿಸಿ, ಆಮೇಲೆ ಕುದಿಸು ಎಂಬ ಕ್ರಮ ಅದಕ್ಕೇ. ಕೈಗಾದ ಪಿಎಚ್‌ಡಬ್ಲ್ಯೂಆರ್‌ಗಳಿಗೆ (ಒತ್ತಡದ ಭಾರಜಲ ರಿಯಾಕ್ಟರ್) ಈ ತಲೆನೋವು ಕೋರ್‌ನಲ್ಲಿಲ್ಲ, ಅಲ್ಲಿ ಕುದಿತವೆಲ್ಲ ಸ್ಟೀಮ್ ಜನರೇಟರಿನ ಸೆಕೆಂಡರಿ ಬದಿಯಲ್ಲಿ.

ಲೂಪ್ ರಿಗ್ ಅವರಿಗೆ ಒಂದು ಎಚ್ಚರಿಕೆ. ಗೋಡೆ 190 ಮುಟ್ಟುತ್ತಿದೆ ಎಂದರೆ ಹರಿವು ತಗ್ಗಿದಾಗಲೆಲ್ಲ ಗೋಡೆ ಒಣಗುತ್ತಿದೆ. ನಿಮ್ಮ ಟ್ಯೂಬಿನ ಲೋಹ ಮೀಟರಿಗೆ 0.27 ಕೆಜಿ ಮಾತ್ರ. ಮೀಟರಿಗೆ 4 ಕಿಲೋವ್ಯಾಟ್ ಹೋಗುತ್ತಿರುವಾಗ ನೀರು ಪೂರ್ತಿ ಬಿಟ್ಟರೆ ಸೆಕೆಂಡಿಗೆ ಸುಮಾರು 29 ಡಿಗ್ರಿ ಏರುತ್ತದೆ. 38 ಸೆಕೆಂಡಿನ ಸುತ್ತಿನಲ್ಲಿ ತಗ್ಗಿನ ಪಾಲು 15 ಸೆಕೆಂಡ್ ಎಂದರೂ ಟ್ಯೂಬ್ ಕೆಂಪಗಾಗಲು ಸಾಕು. ಸ್ಥಿರ ಹರಿವಿಗೆ ಲೆಕ್ಕ ಹಾಕಿದ ಕ್ರಿಟಿಕಲ್ ಹೀಟ್ ಫ್ಲಕ್ಸ್ (ಗೋಡೆ ತಾಳಬಲ್ಲ ಶಾಖದ ಮಿತಿ) ಇಲ್ಲಿ ರಕ್ಷಣೆ ಕೊಡುವುದಿಲ್ಲ, ತೂಗಾಟದಲ್ಲಿ ಅದಕ್ಕಿಂತ ಬಹಳ ಮೊದಲೇ ಡ್ರೈಔಟ್, ಅಂದರೆ ಗೋಡೆ ಒಣಗುವುದು, ಬರುತ್ತದೆ. 200 ಡಿಗ್ರಿಗೆ ಟ್ರಿಪ್ ಇಡಿ, ಅದು ಸಾಫ್ಟ್‌ವೇರ್ ಮೂಲಕ ಬೇಡ, ರಿಲೇಯಿಂದ ನೇರ ರೆಕ್ಟಿಫೈಯರ್ ಕಾಂಟ್ಯಾಕ್ಟರಿಗೆ.

ದ್ವಿಹಂತ

ಗೋಡೆಯ ಉಷ್ಣತೆಯ ಮಾತು ಬಂದದ್ದರಿಂದ ಅದನ್ನು ಅಳೆಯುವ ಥರ್ಮೋಕಪಲ್ ಬಗ್ಗೆ ಹೇಳುತ್ತೇನೆ. ಟ್ಯೂಬಿನ ಮೇಲೆ 2 ಮೀಟರಿಗೆ 18 ವೋಲ್ಟ್, ಅಂದರೆ ಮಿಲಿಮೀಟರಿಗೆ 9 ಮಿಲಿವೋಲ್ಟ್. ಕೆ ಟೈಪ್ ಥರ್ಮೋಕಪಲ್ ಡಿಗ್ರಿಗೆ ಕೊಡುವುದು 0.041 ಮಿಲಿವೋಲ್ಟ್. ಎರಡು ತಂತಿಗಳನ್ನು ಟ್ಯೂಬಿಗೆ ಬೇರೆಬೇರೆಯಾಗಿ ಸ್ಪಾಟ್ ವೆಲ್ಡ್ ಮಾಡಿ, ನಡುವೆ ಉದ್ದದ ದಿಕ್ಕಿನಲ್ಲಿ 1 ಮಿಮೀ ಅಂತರ ಬಿದ್ದರೆ ತಪ್ಪು 220 ಡಿಗ್ರಿ! ತೆಳು ಮೈಕಾ ಹಾಳೆಯ ಮೇಲೆ ಕಟ್ಟಿ, ಇಲ್ಲವೇ ಅನ್‌ಗ್ರೌಂಡೆಡ್ ಶೀತ್ ಇರುವುದನ್ನು ಬಳಸಿ. ಪರೀಕ್ಷೆ ಹೀಗೆ: ಪವರನ್ನು ಅರ್ಧ ಸೆಕೆಂಡ್ ಕಡಿಯಿರಿ. ರೀಡಿಂಗ್ ತಕ್ಷಣ ಕುಸಿದರೆ ಅದು ವೋಲ್ಟೇಜಿನದು, ನಿಧಾನ ಇಳಿದರೆ ಉಷ್ಣದ್ದು.

ಡಿಪಿ (ಒತ್ತಡದ ವ್ಯತ್ಯಾಸ ಅಳೆಯುವ) ಟ್ರಾನ್ಸ್‌ಮಿಟರಿನ ಡ್ಯಾಂಪಿಂಗ್ ಸೆಟ್ಟಿಂಗನ್ನೂ ನೋಡಿ. ಸಮಯ ಸ್ಥಿರಾಂಕ ಕೆಲವು ಸೆಕೆಂಡ್ ಇದ್ದರೆ 5 ಸೆಕೆಂಡಿನ ಅಲೆಯನ್ನು ಅದೇ ನುಂಗಿಬಿಡುತ್ತದೆ. 0.1 ಸೆಕೆಂಡಿಗೆ ಇಳಿಸಿ, 10 ಹರ್ಟ್ಸ್‌ನಲ್ಲಿ ದಾಖಲಿಸಿ. ಇಂಪಲ್ಸ್ ಲೈನಿನಲ್ಲಿ ಗುಳ್ಳೆ ಸಿಕ್ಕಿಕೊಂಡಿದ್ದರೆ ಮ್ಯಾನಿಫೋಲ್ಡ್ ತೆರೆದು ಹೊರಗೆ ಬಿಡಿ.

ಗ್ರಿಡ್ ಮೆಶ್

ರಿಲ್ಯಾಪ್ ಥರದ ಹರಿವು–ಉಷ್ಣ ಸಿಮ್ಯುಲೇಶನ್ ಕೋಡಿನಲ್ಲಿ ಇದನ್ನು ಹಿಡಿಯಲು ಹೊರಟವರಿಗೆ: 2 ಮೀಟರಿಗೆ 10 ನೋಡ್ (ಲೆಕ್ಕದ ತುಂಡು) ಹಾಕಿ "ಸ್ಥಿರವಾಗಿದೆ" ಎಂದು ಬರೆಯಬೇಡಿ. ಫಸ್ಟ್ ಆರ್ಡರ್ ಅಪ್‌ವಿಂಡ್ ಸ್ಕೀಮು ಎಂಥಾಲ್ಪಿಯ ಅಲೆಯನ್ನು ದಾರಿಯಲ್ಲೇ ಸವೆಸುತ್ತದೆ. ನೋಡ್ ಸಂಖ್ಯೆ ದುಪ್ಪಟ್ಟು ಮಾಡುತ್ತಾ ಹೋಗಿ, ಅಸ್ಥಿರತೆಯ ಗಡಿ ಸರಿಯುವುದು ನಿಲ್ಲುವವರೆಗೆ. ಎಕ್ಸ್‌ಪ್ಲಿಸಿಟ್ ಸ್ಕೀಮಿನಲ್ಲಿ ನೀರಿನ ಭಾಗದ ಕೂರಾಂಟ್ ಸಂಖ್ಯೆ (ಒಂದು ಕಾಲಹೆಜ್ಜೆಯಲ್ಲಿ ನೀರು ದಾಟುವ ನೋಡ್‌ಗಳು) 1ಕ್ಕೆ ಹತ್ತಿರ ಇದ್ದಷ್ಟೂ ಸವೆತ ಕಡಿಮೆ. ಹೊರಬದಿಯ ಪೈಪ್, ಸೆಪರೇಟರ್, ಡ್ಯಾಂಪರ್ ಮಾಡೆಲಿನಲ್ಲಿ ಇರಲೇಬೇಕು. ಬರೀ ಟ್ಯೂಬ್ ಹಾಕಿದರೆ ಈ 38 ಸೆಕೆಂಡಿನ ಅಲೆ ಜನ್ಮದಲ್ಲಿ ಬರುವುದಿಲ್ಲ.

ಲೂಪ್ ರಿಗ್

ಫಲಿತಾಂಶ ಹೀಗಿದೆ. ಗಾಳಿ 1 ಲೀಟರಿಗೆ ಇಳಿಸಿದಾಗ ಅವಧಿ 38ರಿಂದ 21 ಸೆಕೆಂಡಿಗೆ ಬಂತು. ಡ್ಯಾಂಪರಿನ ಈಚೆಗೆ 2.5 ಮಿಮೀ ಆರಿಫೈಸ್ ಹಾಕಿದ ಮೇಲೆ ಉದ್ದದ ಅಲೆ ಪೂರ್ತಿ ಹೋಯಿತು. 8 ಕಿಲೋವ್ಯಾಟ್‌ನಲ್ಲಿ ಮೇಲ್ತುದಿಯ ಗೋಡೆ 136ರಲ್ಲಿ ನಿಂತಿದೆ. ಆದರೆ 10 ಕಿಲೋವ್ಯಾಟ್‌ಗೆ ಹೋದರೆ 4.5 ಸೆಕೆಂಡಿನ ಅಲೆ ಉಳಿದಿದೆ, ಹರಿವಿನಲ್ಲಿ ಸರಾಸರಿಯ ಎರಡೂ ಬದಿಗೆ 12 ಶೇಕಡಾದಷ್ಟು. ಟ್ಯೂಬಿನಿಂದ ಸೆಪರೇಟರಿಗೆ 8 ಮಿಮೀ ಒಳವ್ಯಾಸದ ಪೈಪ್, ಎರಡು ಎಲ್ಬೋ ಇವೆ.

ದ್ವಿಹಂತ

ಆ 8 ಮಿಮೀ ಪೈಪೇ ಈಗಿನ ಕಳ್ಳ. ಟ್ಯೂಬಿಗಿಂತ ಸಣ್ಣ, ಅದೂ ಮಿಶ್ರಣ ಅತಿ ವೇಗದಲ್ಲಿರುವ ಜಾಗದಲ್ಲಿ. 20 ಮಿಮೀ ಪೈಪ್ ಹಾಕಿ, ಎಲ್ಬೋ ಬದಲು ದೊಡ್ಡ ತ್ರಿಜ್ಯದ ಬೆಂಡ್ ಹಾಕಿ, ಉದ್ದ ಆದಷ್ಟು ಕಡಿಮೆ ಮಾಡಿ. ಆಮೇಲೂ ಉಳಿದರೆ ಆರಿಫೈಸನ್ನು 2.2 ಮಿಮೀಗೆ ಇಳಿಸಿ. ಮೊದಲು ಆರಿಫೈಸ್ ಬಿಗಿ ಮಾಡಲು ಹೋಗಬೇಡಿ, ಪಂಪಿನ ಮೇಲೆ ಸುಮ್ಮನೆ ಹೊರೆ.

ಗಡಿ ಗುರುತಿಸುವಾಗ ಹರಿವು, ಒಳನೀರಿನ ಉಷ್ಣತೆ ಎರಡನ್ನೂ ಹಿಡಿದಿಟ್ಟು ಪವರನ್ನು 0.25 ಕಿಲೋವ್ಯಾಟ್ ಹೆಜ್ಜೆಯಲ್ಲಿ ಏರಿಸಿ, ಪ್ರತಿ ಹೆಜ್ಜೆಗೆ 5 ನಿಮಿಷ ಕಾಯಿರಿ. ಬಿಂದುಗಳನ್ನು ಕಿಲೋವ್ಯಾಟ್‌ನಲ್ಲಿ ಬಿಡಿಸಬೇಡಿ. ಇಶಿ–ಜೂಬರ್ ಸ್ಥಿರತಾ ನಕ್ಷೆಯ ಸಬ್‌ಕೂಲಿಂಗ್ ಸಂಖ್ಯೆ (ಒಳನೀರು ಕುದಿಬಿಂದುವಿಗಿಂತ ಎಷ್ಟು ತಣ್ಣಗಿದೆ ಎಂಬುದರ ಅಳತೆ), ಫೇಸ್ ಚೇಂಜ್ ಸಂಖ್ಯೆ (ಹರಿವಿಗೆ ಹೋಲಿಸಿದ ಪವರಿನ ಅಳತೆ), ಇವುಗಳಲ್ಲಿ ಬಿಡಿಸಿ. ನಿಮ್ಮ 8 ಕಿಲೋವ್ಯಾಟ್ ಬಿಂದು ಅಲ್ಲಿ ಸುಮಾರು 64 ಮತ್ತು 101ಕ್ಕೆ ಬೀಳುತ್ತದೆ. ಸಬ್‌ಕೂಲಿಂಗನ್ನು 20, 40, 60 ಡಿಗ್ರಿಗಳಲ್ಲಿ ಮೂರು ಸಾಲು ತೆಗೆಯಿರಿ. ಗಡಿ ಒಂದೇ ದಿಕ್ಕಿಗೆ ಹೋಗದೆ ನಡುವೆ ಬಾಗಿದರೆ ಗಾಬರಿ ಬೇಡ. ಸಬ್‌ಕೂಲಿಂಗ್ ಕಡಿಮೆ ಇದ್ದಾಗ ಹೆಚ್ಚಿಸಿದರೆ ಸ್ಥಿರತೆ ಕೆಡುತ್ತದೆ, ಬಹಳ ಇದ್ದಾಗ ಹೆಚ್ಚಿಸಿದರೆ ಸುಧಾರಿಸುತ್ತದೆ. ಸಾಲು ಶುರು ಮಾಡುವ ಮುನ್ನ 4 ಕಿಲೋವ್ಯಾಟ್‌ನಲ್ಲಿ ಹೀಟ್ ಬ್ಯಾಲೆನ್ಸ್ ನೋಡಿಕೊಳ್ಳಿ: 80ರ ನೀರು 111–112ಕ್ಕೆ ಬರಬೇಕು. 109 ಬಂದರೆ ಇನ್ಸುಲೇಶನ್ ಸೋರುತ್ತಿದೆ ಅಥವಾ ಫ್ಲೋಮೀಟರ್ ಸುಳ್ಳು ಹೇಳುತ್ತಿದೆ.